ಎಂಬತ್ತು ಪೆನ್ನಿ

ರಾಮ್ಸ್‌ಗೇಟಿನಲ್ಲಿ ಪೈಂಟಿಗೆ ಎಂಬತ್ತು ಪೆನ್ನಿ ಕಮ್ಮಿಯಂತೆ.
ಬ್ರಾಡ್‌ಸ್ಟೇರ್ಸಿನ ನಮ್ಮ ಪಬ್ಬಿಗೆ ಬೆನ್ನು ಹಾಕಿ
ಹೊರಟೇಬಿಟ್ಟ ವಿಲ್ಫ್ ಟ್ಯಾಪ್ಸೆಲ್,
ಕರಿಹಲಗೆಯ ಮೇಲೆ ನಾನೇ
ಐದು ಅಳಿಸಿ ಆರು ಬರೆದ ಸೋಮವಾರ.

ಸುಣ್ಣದ ಬಂಡೆಯಂಚಿಗೆ ಎರಡು ಮೈಲಿ.
ಮುಂದೆ ನಾಯಿ, ಬೆನ್ನಿಗೆ ಗಾಳಿ,
ಹೋಗುವಾಗೇನೋ ಸರಿ.
ಬರುವಾಗ ಮಂಡಿ ಒಪ್ಪಬೇಕಲ್ಲ.
ಬಸ್ಸಿಗೆ ಮೂರು ಪೌಂಡು,
ಪುಕ್ಕಟೆ ಪಾಸಿಗೆ ಇನ್ನೂ ಮೂರು ವರ್ಷ.
ನಾಲ್ಕು ಪೈಂಟು ಕುಡಿದರೆ
ಇಪ್ಪತ್ತು ಪೆನ್ನಿ ಲಾಭ!
ಕುಡಿಯುತ್ತಿದ್ದದ್ದು ಅರ್ಧ,
ಅದೂ ಎರಡೂವರೆ ತಾಸು,
ನಮ್ಮ ಒಲೆಗೆ ಕಾಲು ಚಾಚಿಕೊಂಡು.
ಅವನ ಕೋಣೆಯ ಮೀಟರು
ದುಡ್ಡು ಹಾಕಿದಷ್ಟೇ ಬೆಚ್ಚಗಾಗುತ್ತದೆ.

ನಾನಿರುವುದೂ ರಾಮ್ಸ್‌ಗೇಟಿನಲ್ಲೇ,
ಬಾಡಿಗೆ ಅಗ್ಗವೆಂದು.
ಒಮ್ಮೆ ಬಸ್ಸಿನ ಕಿಟಕಿಯಿಂದ ಕಂಡ:
ನಾನು ಈ ಕಡೆ, ಅವನು ಆ ಕಡೆ,
ಕಾಲರು ಎತ್ತಿ, ತಲೆ ತಗ್ಗಿಸಿ.
ಅಡಿಕೆಗೆ ಹೋದ ಮಾನದ ಗಾದೆ ನೆನಪಾಯಿತು.
ಇಂಗ್ಲಿಷಿಗೆ ತಂದು ನೋಡಿದೆ,
ಆನೆ ಬಸ್ಸಿನೊಳಗೆ ಹಿಡಿಸಲಿಲ್ಲ.

ನವೆಂಬರಿನ ಒಂದು ಗುರುವಾರ, ಕ್ವಿಜ್ ಸಂಜೆ,
ಬಾಗಿಲು ತಳ್ಳಿ ಮೊದಲು ನಾಯಿ ಬಂತು.
ಯಾರನ್ನೂ ಕೇಳದೆ
ಒಲೆಯ ಪಕ್ಕ ತನ್ನ ಜಾಗದಲ್ಲಿ ಮಲಗಿತು.
ಹಿಂದೆಯೇ ಅವನು,
ಸಮುದ್ರಕ್ಕೆ ಬೈಯುತ್ತ, ಬಸ್ಸಿಗೆ ಬೈಯುತ್ತ,
ಆ ಊರಿನ ಬೀರಿಗೂ ಒಂದಿಷ್ಟು.
ಚಿಲ್ಲರೆಯನ್ನು ಕೌಂಟರಿನ ಮೇಲೆ ಸಾಲಾಗಿ ಜೋಡಿಸಿ
'ಅರ್ಧ' ಅಂದ.

ಹಿಡಿ ಎಳೆದೆ.
ಬೀರು ಗೆರೆ ಮುಟ್ಟಿತು,
ಗೆರೆ ದಾಟಿತು.
ಕೆಳಗೆ ನೆಲಮಾಳಿಗೆಯಲ್ಲಿ ಮಾಲೀಕ
ಪೀಪಾಯಿ ಉರುಳಿಸುತ್ತಿದ್ದ.