ಕೂದಲೆಳೆ

ಮೊನ್ನೆ ಬಿ.ಎಂ. ರೋಡಿನ ಹಿಂದಿನ ನನ್ನ ಲೇತಿಗೆ
ದಸ್ತಗೀರ್ ತಂದಿದ್ದ, ಗೋಣಿತಾಟಿನಲ್ಲಿ ಸುತ್ತಿ,
ತೋಳಿನ ಪಿನ್ನು, ಬುಶ್ಶು.
ಒಂದೇ ಮಗ್ಗುಲು ಸವೆದಿತ್ತು,
ಒಂದೇ ಕಡೆ ಮಲಗುವವರ ಹಾಸಿಗೆಯ ಹಾಗೆ.
ಈ ಮಾಡೆಲ್ಲಿಗೆ ಕಂಪನಿಯವರೇ ಕೈಮುಗಿದಾಗಿದೆ.

ಇವತ್ತು ಗಂಡಸಿ ಹ್ಯಾಂಡ್‌ಪೋಸ್ಟಿನಾಚೆ
ಕೆರೆಯಂಗಳದಲ್ಲಿ ನೋಡುತ್ತ ನಿಂತಿದ್ದೇನೆ.
ಹಳದಿ ಎಲ್ಲಿತ್ತೆಂದು ಹುಡುಕಬೇಕು ಮೈಮೇಲೆ;
ಗಾಜಿನ ಜಾಗಕ್ಕೆ ಕೊಬ್ಬರಿ ಚೀಲ.
ಆದರೂ ತೋಳು ಎದ್ದಾಗ
ಸಿಲಿಂಡರಿನ ಆ ಬೆಳ್ಳಿದಂಡ ಹೊರಗೆ ಬರುವುದಿದೆಯಲ್ಲ,
ಎಣ್ಣೆಯಲ್ಲಿ ಮಿಂದು, ಒಂದು ಗೀರೂ ಇಲ್ಲದೆ!
ಮೂವತ್ತೈದು ವರ್ಷದ ಹೂಳು ಅದನ್ನು ಮುಟ್ಟಿಲ್ಲ.

ರಾತ್ರಿ ತೋಳೆತ್ತಿ ಬಿಟ್ಟರೆ
ಬೆಳಗಾಗುವಷ್ಟರಲ್ಲಿ ಮೊಳದುದ್ದ ಇಳಿದಿರುತ್ತದಂತೆ.
ಸೀಲು ಸೋರುತ್ತಿದೆ, ಅಂದೆ.
"ವಯಸ್ಸಾದೋರು ನಿದ್ದೇಲಿ ಕೈ ಇಳಿಬಿಡಲ್ವ?" ಅಂದ.

ಪಕ್ಕದಲ್ಲೊಂದು ಹೊಸದು, ಎ.ಸಿ. ಕ್ಯಾಬಿನ್ನಿನದು,
ಕೆಂಪು ದೀಪ ಮಿಟುಕಿಸುತ್ತ ಮೂರು ದಿನದಿಂದ ಧರಣಿ ಕೂತಿದೆ,
ಲ್ಯಾಪ್‌ಟಾಪಿನವನು ಬರುವ ತನಕ.

ನನ್ನ ಪಿನ್ನಿಗೆ ಪರೀಕ್ಷೆ ಬೇರೆ ಥರ.
ಬಕೆಟ್ಟಿನ ಹಲ್ಲುಗಳ ಹಿಂದೆ ಟೀ ಲೋಟ ಇಟ್ಟು
ಒಳಗೆ ಹತ್ತಿ ಕೂತ, ಲಿವರಿನ ಮೇಲೆ ಎರಡೇ ಬೆರಳು.
ಹೂಳಿಗೆ ಕಾದಿದ್ದ ಟ್ರ್ಯಾಕ್ಟರಿನವರೂ ಮಾತು ನಿಲ್ಲಿಸಿದರು.
ಹದಿನಾಲ್ಕು ಟನ್ನು
ತಿರುಗಿ, ಬಗ್ಗಿ,
ನನ್ನೆದೆಯ ಮಟ್ಟಕ್ಕೆ ಲೋಟ ತಂದು ನಿಂತಿತು.
ಒಂದೇ ತೊಟ್ಟು ಚೆಲ್ಲಿತ್ತು.

"ನನ್ ಕೈ ನಡುಗ್ತು ಕಣಣ್ಣ, ಗಾಡಿದೇನಿಲ್ಲ."

ಟೀ ಕುಡಿದೆ. ಹೇಳಲಿಲ್ಲ,
ಬುಶ್ಶಿನಲ್ಲಿ ನಾನು
ಒಂದು ಕೂದಲೆಳೆ ಹೆಚ್ಚು ಕೊರೆದಿದ್ದೆನೆಂದು.