ಇಳಿಯುವಾಗ ಇಸ್ಕೊಳ್ಳಿ

ಹತ್ತೊಂಬತ್ತು ವರ್ಷ ಹಾಸನ–ಬೇಲೂರು ರೂಟಿನಲ್ಲಿ
ಟಿಕೆಟ್ಟಿನ ಬೆನ್ನಿಗೆ ಬಾಕಿ ಗೀಚಿ
ಇಳಿಯುವಾಗ ಇಸ್ಕೊಳ್ಳಿ ಎಂದವಳು ನಾನು.
ಎಷ್ಟು ಜನ ಇಸ್ಕೊಂಡರು, ಎಷ್ಟು ಜನ
ಹಗರೆಯಲ್ಲಿ ಕೋಳಿ, ಕುಕ್ಕೆ, ಕೂಸು ಎಲ್ಲ ಇಳಿಸಿಕೊಂಡು
ಮೂರು ರೂಪಾಯಿ ಮರೆತು ನಡೆದರು
ಲೆಕ್ಕ ಇಟ್ಟಿಲ್ಲ.
ಈಗ ಹೆಂಗಸರಿಗೆ ಸೊನ್ನೆ ಟಿಕೆಟ್ಟು.
ಚಿಲ್ಲರೆ ಜಗಳ ಅರ್ಧ ಸತ್ತಿದೆ,
ಉಳಿದರ್ಧವನ್ನು ಗಂಡಸರು ಫೋನು ತೋರಿಸಿ ಮುಗಿಸುತ್ತಾರೆ.

ಡಿಪೋದ ಎಂಟು ಹೆಂಗಸರು ಚೀಟಿ ಎತ್ತಿ
ವಿಯೆಟ್ನಾಮಿಗೆ ಹೊರಟೆವು.
ಬಿ.ಎಂ. ರಸ್ತೆಯ ಬ್ಯಾಂಕಿನ ಹುಡುಗಿ ಶಮೀನಾ
ಕಾರ್ಡು ಕೈಗಿಟ್ಟು ಮಗ್ಗಿ ಒಪ್ಪಿಸುವಂತೆ ಹೇಳಿದಳು:
ಮಿಷನ್ನು ಕೇಳುತ್ತೆ ಅಕ್ಕ,
ರೂಪಾಯಲ್ಲೋ ಅವರ ದುಡ್ಡಲ್ಲೋ ಅಂತ.
ಅವರದ್ದನ್ನೇ ಒತ್ತಿ.
ಎಲ್ಲ ದುಡ್ಡು ಒಂದೇ ಕಡೆ ಇಡಬೇಡಿ.
ಯಾರಿಗೆ ಹೇಳ್ತಾ ಇದಾಳೆ!
ಸಂತೆ ದಿನದ ರಶ್ಶಿನಲ್ಲಿ
ಬ್ಯಾಗು ಹೊಟ್ಟೆಗವುಚಿ ಹಿಂಬಾಗಿಲಿಗೆ ಈಜಿದವಳಿಗೆ.

ಆದರೂ ಲಂಗಕ್ಕೆ ಒಳಜೇಬು ಹೊಲಿದೆ.
ದಿನಕ್ಕೊಂದರಂತೆ ಆರು ಕವರು,
ಮೇಲೆ ಸೋಮ ಮಂಗಳ ಎಂದು ಬರೆದು, ನಾಲಿಗೆಯಿಂದ ಅಂಟಿಸಿ.
ಬುಧವಾರ ಮಂಗಳವಾರದ ಸಂಜೆಗೇ ಒಡೆಯಿತು:
ಸಾಕಮ್ಮ ರೇಷ್ಮೆ ಲಾಟೀನಿನ ಅಂಗಡಿ ಮುಂದೆ ಕೂತುಬಿಟ್ಟಳು.

ಅಲ್ಲಿ ನೋಟಿನ ತುಂಬ ಸೊನ್ನೆ.
ಕಾಫಿಗೆ ಮೂವತ್ತು ಸಾವಿರ!
ಹರಿದು ಹರಿದು ಕೊಟ್ಟ ನಮ್ಮ ಸೊನ್ನೆಗಳೆಲ್ಲ
ಕಿಟಕಿಯಿಂದ ಹಾರಿ
ಈ ಊರಿನ ನೋಟಿಗೆ ಬಂದು ಅಂಟಿದವೋ ಏನೋ.
ಮೂರು ಸೊನ್ನೆ ಕೀಳು, ಮೂರರಿಂದ ಗುಣಿಸು,
ಮೇಲೊಂದು ಚೂರು ಹಾಕು.
ಮೂರನೇ ದಿನಕ್ಕೆ ಲೆಕ್ಕ ನಾಲಿಗೆ ತುದಿಗೆ ಬಂತು.

ಹೋಟೆಲಿನ ಮಿಷನ್ನು ಕೇಳಿಯೇ ಕೇಳಿತು.
ದೇಶ ಬಿಟ್ಟ ಮೇಲೆ ಮೊದಲ ಸಲ
ರೂಪಾಯಿ ಗುರುತು ಕಂಡು ಕರುಳು ಚುರ್ ಎಂದು
ನಮ್ಮದನ್ನೇ ಒತ್ತಿಬಿಟ್ಟೆ.
ನಮ್ಮದೆಂದುಕೊಂಡದ್ದೇ
ಇನ್ನೂರಾ ಎಂಬತ್ತು ಜಾಸ್ತಿ ಕಿತ್ತಿತು.

ಆಮೇಲೆ ಆ ಕೆರೆ ದಂಡೆ.
ನನ್ನ ವಯಸ್ಸಿನವಳೇ, ಸೊಂಟಕ್ಕೆ ಚೀಲ ಕಟ್ಟಿ
ಕಬ್ಬಿನಹಾಲು ಮಾರುತ್ತಿದ್ದಳು,
ನನ್ನ ಹಾಗೇ ನೋಟನ್ನು ಉದ್ದಕ್ಕೆ ಮಡಚಿ
ಬೆರಳ ಸಂದಿಗೆ ಸಿಕ್ಕಿಸಿದ್ದಳು.
ಒಂದು ನೀಲಿ ನೋಟು ಕೊಟ್ಟೆ.
ಅವಳೇನೋ ಅಂದಳು.
ನಾನೂ ನಕ್ಕು ತಲೆಯಾಡಿಸಿದೆ.
ಬಸ್ಸು ಹೊರಟು ಎರಡು ಸಿಗ್ನಲ್ ದಾಟಿದ ಮೇಲೆ
ಬೆನ್ನಲ್ಲಿ ಬೆವರು.
ಇಪ್ಪತ್ತು ಸಾವಿರವೂ ನೀಲಿ.
ಐದು ಲಕ್ಷವೂ ನೀಲಿ.
ಸಾಕಮ್ಮ ಬೈದಳು, ಕಳ್ಳಿ ಅಂದಳು.
ನಾನು ಸುಮ್ಮನಿದ್ದೆ.
ಅವಳೇನಂದಳೋ. ಆ ಭಾಷೆಯಲ್ಲಿ
‘ಚಿಲ್ಲರೆ ಇಲ್ಲ, ಹೋಗುವಾಗ ಇಸ್ಕೊಳ್ಳಿ’ ಎಂಬುದನ್ನು
ಹೇಗೆ ಅನ್ನುತ್ತಾರೋ.

ಊರಿಗೆ ಬಂದು ನಾಲ್ಕನೇ ದಿನ
ರಾತ್ರಿ ಒಂಬತ್ತಕ್ಕೆ ಡಿಪೋ ಕೌಂಟರಿನಲ್ಲಿ
ಕ್ಯಾಶಿಯರ್ ನಿಂಗರಾಜು ಹೆಬ್ಬೆರಳಿಗೆ ಎಂಜಲು ಹಚ್ಚಿ
ನನ್ನ ಕಲೆಕ್ಷನ್ನು ಎಣಿಸುತ್ತ ತಡೆದ.
ಐವತ್ತರ ಕಟ್ಟಿನ ನಡುವೆ
ಎಂಜಲು ಹಿಡಿಯದ ನುಣುಪು ನೀಲಿ,
ಗಡ್ಡದ ಯಾರೋ ತಾತ.
‘ಇದ್ಯಾವ ಊರಿನ ದೇವರಮ್ಮ?’
ಎರಡನೇ ಸಲ ಏಮಾರಿದೆ, ಅದೇ ಬಣ್ಣಕ್ಕೆ.
‘ಐವತ್ತು ಶಾರ್ಟು. ಕಟ್ಟು.’

ಕಟ್ಟಿದೆ.
ಅವನು ಆ ನೋಟನ್ನು ವಾಪಸು ತಳ್ಳಲಿಲ್ಲ,
ಮಗನಿಗೆ ತೋರಿಸ್ತೀನಿ ಎಂದು ಜೇಬಿಗಿಟ್ಟ.
ಮೂರು ಸೊನ್ನೆ ಕಿತ್ತು, ಮೂರರಿಂದ ಗುಣಿಸಿ,
ಮೇಲೆ ಚೂರು ಹಾಕಿದರೆ
ಅದಕ್ಕೆ ಅರವತ್ತಾರಾಗುತ್ತಪ್ಪ ನಿಂಗರಾಜು ಎಂದೆ.
‘ಸರಿ, ಕೊಡ್ತೀನಿ ಹೋಗು.
ಇಳಿಯುವಾಗ ಇಸ್ಕೊ.’