ಮೂರನೇ ಡಿಸ್ಕಿನ ಜಾಗ

ನಾಲ್ಕು ಡಿಸ್ಕಿನ ಪೆಟ್ಟಿಗೆ. ಮೂರೇ ಇವೆ.
ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮಾತು ಬೇಡ.
ನೀವು ಮಡಗಾಂವಿನಿಂದ ಇಷ್ಟು ದೂರ ಬಂದಿದ್ದೀರಿ,
ಕೂತುಕೊಳ್ಳಿ, ಫ್ಯಾನು ತಿರುಗಲು ಸ್ವಲ್ಪ ಹೊತ್ತು ಬೇಕು.

ರೋಹಿದಾಸ ಮಾಮ ಹಡಗಿನ ಇಂಜಿನ್ನಿಗೆ ಎಣ್ಣೆ ಹಾಕುತ್ತಿದ್ದವ.
ನೆವಾರ್ಕ್ ಬಂದರಿನ ಹಳೇ ಸಾಮಾನಿನಂಗಡಿಯಲ್ಲಿ
ಸೆಂಟಿನ ಬಾಟ್ಲಿಗೆಂದು ಇಟ್ಟ ದುಡ್ಡಿನಲ್ಲಿ ಇದನ್ನು ಕೊಂಡ.
ಆ ಸೆಂಟನ್ನು ಮಾಮಿ ಇವತ್ತಿಗೂ ಮರೆತಿಲ್ಲ.

ಆಗ ನಮ್ಮ ಮನೆ ಅರ್ಗಾದಲ್ಲಿ. ಬಲೆ ಹರವುವ ಕಟ್ಟೆಯ ಮೇಲೆ
ಪ್ಲೇಯರ್ ಇಟ್ಟು ಮಾಮ ಗುಂಡಿ ಒತ್ತಿದ.
ನಾಯಿ ಎದ್ದು ಹೋಯಿತು.
"ಇದೆಂತ ಹಾಡನಾ? ಲಿಲಾವು ಕೂಗ್ದ ಹಾಂಗದೆ"
ಅಂದಳು ಚಂದ್ರಭಾಗಿ ಮಾಮಿ.
ಬೈತಖೋಲದ ಧಕ್ಕೆಯಲ್ಲಿ ದಿನಾ ನಸುಕಿಗೆ ನಿಂತವಳು,
ತಪ್ಪೇನೂ ಹೇಳಲಿಲ್ಲ.
ಅಲ್ಲಿಯೂ ಹಾಗೆಯೇ, ಉಸಿರು ಮುಗಿಯುವ ಮೊದಲು
ಇದ್ದದ್ದೆಲ್ಲ ಕೂಗಿಬಿಡಬೇಕು,
ಬಿಸಿಲೇರಿದರೆ ಬೆಲೆಯಿಲ್ಲ.

ಸಂಗ್ರಹವೆಂದರೇನೆಂದು ಕಲಿತದ್ದೂ ಅವಳಿಂದಲೇ.
ಪಾಲು ಹಾಕಿದ ಮೇಲೆ ಆರಿಸುವಂತಿಲ್ಲ.
ಇಸವಣದ ಬುಡದಲ್ಲಿ ನಾಲ್ಕು ಲೆಪ್ಪೆ, ಕಾಲು ಮುರಿದ ಏಡಿ,
ಹೆಸರು ಗೊತ್ತಿಲ್ಲದ ಮುಳ್ಳಿನದೊಂದು.
"ಒಳ್ಳೇದೊಂದೇ ಬೇಕಂದ್ರೆ ನೀನೇ ದೋಣಿ ಹತ್ತು."
ಅದಕ್ಕೇ 'ಅತ್ಯುತ್ತಮ ಇಪ್ಪತ್ತು' ಎಂದು ಬರೆದ ಡಬ್ಬಿ
ನಾನು ಮುಟ್ಟುವುದಿಲ್ಲ.
ಒಂದೇ ಹಾಡು ಹೇಳಿ ಕಾಣದೆ ಹೋದವರು,
ಮೈಕು ಕೀರಲಿದಾಗ ನಕ್ಕವರು,
ಆ ನಗುವನ್ನು ಅಳಿಸದೆ ಬಿಟ್ಟವರು,
ಇವರೆಲ್ಲ ಇದ್ದರೆ ಪೆಟ್ಟಿಗೆ.
ನಿಮಗೆ ಗೊತ್ತಿರುತ್ತದೆ ಬಿಡಿ.

ಪುಸ್ತಿಕೆ ನೋಡಿ. ಉಪ್ಪುಗಾಳಿಗೆ ಪಿನ್ನು ತುಕ್ಕು ಹಿಡಿದಿದೆ,
ಹುಷಾರು. ಹನ್ನೊಂದನೇ ಪುಟ.
ಸುಟ್ಟ ಕಟ್ಟಡ, ಕಿಟಕಿಯಿರಬೇಕಾದಲ್ಲಿ ಆಕಾಶ.
ಕೆಳಗೆ ಹುಡುಗರು ದೀಪದ ಕಂಬದಿಂದ ಕರೆಂಟು ಎಳೆದು
ಸ್ಪೀಕರಿಗೆ ಕೊಡುತ್ತಿದ್ದಾರೆ.
ಒಬ್ಬನ ಚಪ್ಪಲಿ ನೋಡಿ, ಮಾಮನ ಚಪ್ಪಲಿಯೇ.
ಹೆದ್ದಾರಿಗೆಂದು ಈ ಕೇರಿಯ ಮನೆ ಕೆಡವಿದರು ಅಂತ
ಸಣ್ಣ ಅಕ್ಷರದಲ್ಲಿದೆ.
ಏಳನೇ ಇಯತ್ತೆಯಲ್ಲಿ ಡಿಕ್ಷನರಿ ಹಿಡಿದು ಓದಿದ್ದೆ.

ಆಮೇಲೆ ನಮ್ಮಲ್ಲಿಗೂ ಟೇಪು ಹಿಡಿದವರು ಬಂದರು.
ನೌಕಾನೆಲೆ ಎಂದರು. ಬಾವಿಯನ್ನೂ ಅಳೆದರು.
ಲಾರಿಗೆ ಬೀಸುಕಲ್ಲು, ಕೋಳಿಬುಟ್ಟಿ, ಅರ್ಧ ಬಾಗಿಲು.
ಮೂರನೆಯದು ಆ ದಿನ ಪ್ಲೇಯರಿನ ಹೊಟ್ಟೆಯೊಳಗೇ ಇತ್ತು,
ಪ್ಲೇಯರ್ ಯಾರ ಲಾರಿ ಹತ್ತಿತೋ.

ತೋಡೂರಿನ ಕಾಲನಿಯ ಮೊದಲ ರಾತ್ರಿ
ಮಾಮಿ ಹಳೇ ಮನೆಯ ಉತಾರವನ್ನು
ಎಂಟು ಮಡಿಕೆ ಮಾಡಿ ಮೂರನೇ ಗುಳಿಯಲ್ಲಿಟ್ಟಳು.
ಪ್ಲಾಸ್ಟಿಕ್ಕಿಗೆ ಗೆದ್ದಲು ಹತ್ತುವುದಿಲ್ಲವಂತೆ.
ವಕೀಲರು ಕರೆದಾಗೆಲ್ಲ ಪೆಟ್ಟಿಗೆಯೇ ಕೋರ್ಟಿಗೆ ಹೋಗಿದೆ,
ಮುಖಪುಟದ ಚಿನ್ನದ ಸರದ ಗಂಡಸನ್ನು
ಶಿರಸ್ತೇದಾರರು ಎರಡು ಸಲ ನೋಡಿದ್ದಾರೆ.

ಹೌದು, ಹೋದ ವರ್ಷ ಸಿಕ್ಕಿತು.
ಮಾಪ್ಸಾದ ಶುಕ್ರವಾರದ ಸಂತೆ, ಚಾಕು ಮಸೆಯುವವನ ಪಕ್ಕ,
ಪೇಪರಿನಲ್ಲಿ ಸುತ್ತಿದ ಒಂಟಿ ಡಿಸ್ಕು, ಅದೇ ಕಪ್ಪು, ಅದೇ ಮೂರು.
ಐವತ್ತು ರೂಪಾಯಿ. ಚೌಕಾಶಿ ಮಾಡಲು ಬಾಯಿ ಬರಲಿಲ್ಲ.
ಬಸ್ಸಿನಲ್ಲಿ ಅಂಗಿಯೊಳಗಿಟ್ಟು ತಂದೆ.
ಮಾಮಿ ತಿರುಗಿಸಿ, ತಾರ್ಲೆಯ ಕಣ್ಣು ನೋಡುವ ಹಾಗೆ ನೋಡಿ,
"ಇದ್ಕೆ ಬೇರೆ ಜಾಗ ನೋಡು" ಅಂದಳು.
"ಅಲ್ಲಿ ನಮ್ದು ಅದೆ."

ಈಗ ಅದು ಕ್ಯಾಲೆಂಡರಿನ ಹಾಳೆಯೊಳಗೆ, ಅಕ್ಕಿ ಡಬ್ಬದ ಮೇಲೆ.
ಹಾಕಿದರೆ ನಾಲ್ಕನೇ ಹಾಡಿನಲ್ಲಿ ಒಂದು ಕಡೆ ತಡವರಿಸುತ್ತದೆ.
ಮೀನು ಹೆರೆಯುವ ಮಾಮಿಯ ಕೈ ಅಲ್ಲಿ ನಿಲ್ಲುತ್ತದೆ,
ಮುಂದೆ ಹೋದ ಮೇಲೆ ಮತ್ತೆ ಹೆರೆಯುತ್ತದೆ.

ಇಲ್ಲ, ನೀವು ಕೇಳುವುದು ಸರಿ.
ಮೂರೇ ಅಂತ ನಾನು ಮೊದಲೇ ಹೇಳಿದೆ.
ಚಹಾ ಕುಡಿದು ಹೋಗಿ.